ಲವ್ ಬರ್ಡ್ಸ್ ಗೂಡಿಗೆ ನಾಲ್ಕು ಬಾಗಿಲು

"ಯುಗಾದಿಯೊಳಗೆ ಮರಿ ಮಾಡಿಸದಿದ್ರೆ ನನ್ನ ಹೆಸರು ಯುವರಾಜನೇ ಅಲ್ಲ! ಪಂಜರ ಸಮೇತ ಹಕ್ಕಿ ನಿಮಗೇ ಕೊಟ್ಬಿಡ್ತೀನಿ, ಮಾವ!"

ಗಂಡಸಿ ಊರಿನ ಮಾವ ಜವರಣ್ಣನವರ ಎದುರು ಯುವರಾಜ್ ಹೀಗೆ ತೊಡೆ ತಟ್ಟಿದ್ದ. ಅರಸೀಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತನಾದ ಈ ಮಹಾನುಭಾವ ಸಾಕಿದ್ದದ್ದು ಒಂದೇ ಜೋಡಿ ಲವ್ ಬರ್ಡ್ಸ್. ಜಂಬ ಮಾತ್ರ ಕೋಳಿ ಫಾರಂ ಇಟ್ಟವನದು.

ಪಂಜರದೊಳಗೆ ಗೂಡಿಗೆಂದು ಬೇಕಿದ್ದದ್ದು ಮುಚ್ಚಳವಿರುವ ಒಂದು ಮರದ ಪೆಟ್ಟಿಗೆ, ಹಕ್ಕಿ ನುಸುಳುವಷ್ಟು ಒಂದು ತೂತು. ಅಷ್ಟೇ! ಆದರೆ ಈತ ವಾಸ್ತು ಸರಿಯಿಲ್ಲವೆಂದು ಸ್ವಂತ ಅಡಿಗೆಮನೆಯನ್ನೇ ಮೂರು ಸಲ ಒಡೆಸಿದ ಆಸಾಮಿ. ಮೊಬೈಲಿನಲ್ಲಿ ದಿಕ್ಕು ನೋಡಿ ಪೂರ್ವಕ್ಕೆ ತೂತು ಕೊರೆದ. ಮಾವಿನೆಲೆಯ ತೋರಣ ಕಟ್ಟಿದ. ಗೃಹಪ್ರವೇಶವೆಂದು ಹಾಲು ಉಕ್ಕಿಸಿ ಸಾಂಬ್ರಾಣಿ ಹಾಕಿದ. ಹೊಗೆಗೆ ಬೆದರಿ ಹಕ್ಕಿಗಳೆರಡೂ ಪಂಜರದ ಮೂಲೆ ಸೇರಿದವು.

"ಪುರೋಹಿತರನ್ನ ಕರೆಸಲಿಲ್ವಾ?" ಎಂದಳು ಹೆಂಡತಿ ಭವ್ಯಾ.

"ನಿನಗೇನು ಗೊತ್ತಾಗುತ್ತೆ, ಸುಮ್ನಿರೇ!"

ಹದಿನೈದು ದಿನವಾದರೂ ಹೆಣ್ಣು ಹಕ್ಕಿ ಗೂಡಿನತ್ತ ತಲೆ ಹಾಕಲಿಲ್ಲ. ಹಾಕೀತಾದರೂ ಹೇಗೆ? ಈತ ಗಂಟೆಗೊಮ್ಮೆ ಮುಚ್ಚಳ ತೆಗೆದು ಟಾರ್ಚ್ ಬಿಡುತ್ತಿದ್ದ! ತನ್ನ ತಪ್ಪು ಕಾಣದೆ ಎಲ್ಲವನ್ನೂ ದಿಕ್ಕಿನ ತಲೆಗೆ ಕಟ್ಟಿದ. ಉತ್ತರಕ್ಕೊಂದು ತೂತು ಕೊರೆದ. ಆಮೇಲೆ ಪಶ್ಚಿಮಕ್ಕೆ. ಕೊನೆಗೆ, ಉಳಿದದ್ದು ಅದೊಂದೇ ಎಂದು, ದಕ್ಷಿಣಕ್ಕೂ.

"ಬಾಣಂತಿ ಕೋಣೆಗೆ ನಾಕು ಬಾಗಿಲು ಇಟ್ಟೋರನ್ನ ಇವತ್ತೇ ನೋಡಿದ್ದು ಕಣ್ರೀ! ನನ್ನ ಬಾಣಂತನದಲ್ಲಿ ನಮ್ಮವ್ವ ಕಿಟಕಿ ಸಂದಿಗೂ ಬಟ್ಟೆ ತುರುಕಿದ್ಲು."

"ಅದು ಮನುಷ್ಯರಿಗೆ! ಇದು ಪಕ್ಷಿಶಾಸ್ತ್ರ!"

ಯುಗಾದಿ ಬಂತು, ಮರಿ ಬರಲಿಲ್ಲ. ಬಂದವರು ಜವರಣ್ಣ. ಪೆಟ್ಟಿಗೆ ಎತ್ತಿಕೊಂಡು ಪೂರ್ವದ ತೂತಿನಲ್ಲಿ ಇಣುಕಿದರೆ ಪಶ್ಚಿಮದ ತೂತಿನಲ್ಲಿ ಅಳಿಯನ ಕಣ್ಣು ಕಂಡಿತು.

"ಇದೇನಪ್ಪಾ, ಗೂಡೋ ಬಸ್ ಸ್ಟ್ಯಾಂಡೋ?"

"ಇನ್ನೊಂದು ತಿಂಗಳು ಟೈಮ್ ಕೊಡಿ ಮಾವ..."

"ಮಾತು ಅಂದ್ರೆ ಮಾತು" ಎನ್ನುತ್ತಾ ಭವ್ಯಾ ತಾನೇ ಪಂಜರ ತಂದು ಅಪ್ಪನ ಕೈಗಿಟ್ಟಳು. ನಾಲ್ಕು ಬಾಗಿಲಿನ ಅರಮನೆ ಮಾತ್ರ ಇಲ್ಲೇ ಉಳಿಯಿತು. ಆ ಸಂಜೆ ಕಿಚಿಪಿಚಿ ಇಲ್ಲದೆ ಮನೆ ಬಿಕೋ ಎಂದಿತು. ಯುವರಾಜನಿಗೆ ನಿಜಕ್ಕೂ ಸಂಕಟವಾಯಿತು. ಬುದ್ಧಿ ಮಾತ್ರ ಬರಲಿಲ್ಲ.

ಎರಡು ತಿಂಗಳಿಗೆ ಮಾವನ ಫೋನ್ ಬಂತು.

"ಐದು ಮರಿ ಆಗವೆ ಕಣಪ್ಪ!"

"ಐದಾ? ಎಂಥಾ ಗೂಡು ಇಟ್ರಿ?"

"ಹಳೇ ಮಡಕೆ. ಪಕ್ಕಕ್ಕೊಂದು ತೂತು ಮಾಡಿ, ಬಾಯಿಗೆ ಹಲಗೆ ಮುಚ್ಚಿ ನೇತು ಹಾಕ್ದೆ. ಆಮೇಲೆ ಅತ್ಲಾಗೆ ತಿರುಗೂ ನೋಡ್ಲಿಲ್ಲ."

ಯುವರಾಜ್ ಪೆನ್ನು, ಕಾಗದ ಹಿಡಿದು ಕುಳಿತ. ಗುಟ್ಟು ಈಗ ಸಿಕ್ಕೇ ಸಿಗುತ್ತದೆ!

"ಅದಿರ್ಲಿ ಮಾವ, ತೂತು ಯಾವ ದಿಕ್ಕಿಗೆ ಮಾಡಿದ್ರಿ?"

"ನೀವು ಇಲ್ದೇ ಇರೋ ದಿಕ್ಕಿಗೆ, ಅಳಿಯಂದ್ರೇ!"