ಮಣ್ಣು ಕಟ್ಟಿಕೊಂಡು ಹೊರಟವಳು

ಬಾಡಿಗೆ ಮನೆ ಖಾಲಿ ಮಾಡುವಾಗ ಜನ ಏನೇನು ಕಟ್ಟಿಕೊಂಡು ಹೋಗುತ್ತಾರೆ? ಪಾತ್ರೆ, ಹಾಸಿಗೆ, ದೇವರ ಫೋಟೋ, ಹೆಚ್ಚೆಂದರೆ ಗೋಡೆಗೆ ಹೊಡೆದ ಮೊಳೆ. ನಮ್ಮಕ್ಕ ಮಣ್ಣು ಕಟ್ಟಿಕೊಂಡು ಹೋಗುತ್ತಾಳೆ! ಒಂದು ಹಿಡಿಯಲ್ಲ, ಎರಡು ಹಿಡಿಯಲ್ಲ, ಹದಿನೆಂಟು ಚೀಲ. ಟೆಂಪೋದವನು ಜೋಳವೆಂದು ತಿಳಿದು ಮೊದಲೆರಡನ್ನು ಖುಷಿಯಿಂದಲೇ ಎತ್ತುತ್ತಾನೆ. ಮೂರನೆಯದಕ್ಕೆ ಅನುಮಾನ ಬರುತ್ತದೆ. ಆರನೆಯದಕ್ಕೆ ಅಕ್ಕನ ಮುಖ ನೋಡುತ್ತಾನೆ. ಹತ್ತನೆಯದಕ್ಕೆ ಭಾವನ ಮುಖ ನೋಡುತ್ತಾನೆ. ಭಾವ ಆಗ ಆಕಾಶ ನೋಡುತ್ತಿರುತ್ತಾರೆ.

ಭಾವನದು ವರ್ಗವಾಗುವ ನೌಕರಿ. ಔರಾದ, ಭಾಲ್ಕಿ, ಮತ್ತೆ ಔರಾದ, ಆಮೇಲೆ ಬೀದರ ಎಂದು ಅವರನ್ನು ಓಡಾಡಿಸಿದರು. ಮದುವೆಯಾಗಿ ಔರಾದಕ್ಕೆ ಹೋದ ವರ್ಷವೇ ಅಕ್ಕ ಹಟ ಹಿಡಿದಳು: ಮನೆಗೆ ಬೇಕಾದ ಕಾಯಿಪಲ್ಲೆ ಮನೆಯಲ್ಲೇ ಬೆಳೆಯಬೇಕು, ಸಂತೆಯ ಮುಖ ನೋಡಬಾರದು. ಬಾಡಿಗೆ ಮನೆಗೆ ಹಿತ್ತಲೆಲ್ಲಿಂದ ಬರಬೇಕು? ಅಂಗಳಕ್ಕೆಲ್ಲ ಕಲ್ಲು ಹಾಸಿದ್ದರು. ಹಾಗಾಗಿ ಒಡೆದ ಬಕೆಟ್ಟು, ಎಣ್ಣೆ ಡಬ್ಬಿ, ಸೋರುವ ಕೊಡ ಎಲ್ಲವೂ ಅಕ್ಕನ ಹೊಲವಾದವು. ಅವುಗಳಲ್ಲಿ ಪುಂಡಿಪಲ್ಯ, ಮೆಂತ್ಯ, ಬದನೆ, ಮೆಣಸಿನಕಾಯಿ. ನಡುವೆ ದೊಡ್ಡದೊಂದು ನೀಲಿ ಡ್ರಮ್ಮಿನಲ್ಲಿ ನಿಂಬೆಯ ಸಸಿ. ಔರಾದದ ಕಪ್ಪು ಮಣ್ಣಿಗೆ ಸಗಣಿ, ಬೂದಿ, ಕೊಳೆತ ಎಲೆ ಬೆರೆಸಿ ಅವಳು ಹದ ಮಾಡುತ್ತಿದ್ದ ರೀತಿ ನೋಡಬೇಕು. ರೊಟ್ಟಿಯ ಹಿಟ್ಟನ್ನು ಕೂಡ ಅವಳು ಅಷ್ಟು ನಾದುತ್ತಿರಲಿಲ್ಲ. ಮಣ್ಣು ತಯಾರಾಗುವುದಕ್ಕೂ ಭಾವನಿಗೆ ವರ್ಗದ ಆದೇಶ ಬರುವುದಕ್ಕೂ ಸರಿಹೋಗುತ್ತಿತ್ತು. ಬಿಟ್ಟು ಹೋಗು ಎಂದರೆ ಹೇಗೆ ಹೋದಾಳು?

ಮೊದಲ ಸಲ ಔರಾದ ಬಿಟ್ಟಾಗ ಟೆಂಪೋದಲ್ಲಿ ಮಣ್ಣಿಗೇ ಜಾಗ ಸಾಲದೆ ಅಕ್ಕನೂ ಅವಳ ಕೋಳಿಯೂ ಬಸ್ಸಿನಲ್ಲಿ ಭಾಲ್ಕಿಗೆ ಹೊರಟರು. ಜೊತೆಗೆ ನಾನೂ ಇದ್ದೆ, ನನ್ನ ಗ್ರಹಚಾರ! ಕಂಡಕ್ಟರು ಕೋಳಿಗೂ ಅರ್ಧ ಟಿಕೆಟ್ ಹರಿದ. ಅಕ್ಕ ಟಿಕೆಟ್ ತೆಗೆದುಕೊಂಡು, ನನ್ನನ್ನು ಎಬ್ಬಿಸಿ, ಕಿಟಕಿಯ ಪಕ್ಕ ಕೋಳಿಯ ಬುಟ್ಟಿ ಇಟ್ಟಳು. ನಿಂತಿದ್ದ ಹಿರಿಯರೊಬ್ಬರು ಬುಟ್ಟಿ ತೆಗೆಯಿರಿ ಎಂದರೆ, "ಅದರದೂ ಟಿಕೆಟ್ ತಗೊಂಡೀನ್ರಿ" ಎಂದಳು. ಆ ಹಿರಿಯರು ಮತ್ತು ನಾನು ಭಾಲ್ಕಿಯವರೆಗೆ ನಿಂತು ಬಂದೆವು. ಕೋಳಿ ಹೊಲಗದ್ದೆ ನೋಡುತ್ತ ಬಂತು.

ಭಾಲ್ಕಿಯಲ್ಲಿ ನೀರಿನ ತಾಪತ್ರಯ. ಅಲ್ಲಿಂದ ಶುರುವಾಯಿತು ನೋಡಿ, ಅತಿಥಿಗಳ ಕೈ ತೊಳೆಸುವ ಕಾರ್ಯಕ್ರಮ! ಬಂದವರು ಎಲ್ಲೆಂದರಲ್ಲಿ ಕೈಕಾಲು ತೊಳೆಯುವಂತಿಲ್ಲ. ಇವತ್ತು ಬದನೆಯ ಸರದಿ, ನಾಳೆ ಮೆಣಸಿನಕಾಯಿಯ ಸರದಿ. ನಮ್ಮ ಯಜಮಾನರು ಮೊದಲ ಸಲ ಹೋದಾಗ ಹೊಸ ಅಳಿಯ ಎಂಬ ಗೌರವಕ್ಕೆ ನಿಂಬೆಯ ಡ್ರಮ್ಮೇ ಸಿಕ್ಕಿತು. ಬಾಗಿದಾಗ ಮುಳ್ಳು ಚುಚ್ಚಿತು, ಪಾಪ. ನೀರು ಪೂರ್ತಿ ಬುಡಕ್ಕೆ ಬೀಳಲಿಲ್ಲವೆಂದು ಅಕ್ಕ ಅವರಿಂದ ಇನ್ನೊಮ್ಮೆ ಕೈ ತೊಳೆಸಿದಳು.

ಇಷ್ಟೆಲ್ಲ ಆರೈಕೆ ಮಾಡಿದರೂ ಆ ನಿಂಬೆ ಮಾತ್ರ ಒಂದು ಕಾಯಿ ಬಿಡಲಿಲ್ಲ. ಹೂವು ತುಂಬುವ ಹೊತ್ತಿಗೆ ವರ್ಗ, ಟೆಂಪೋದ ಕುಲುಕಾಟಕ್ಕೆ ಹೂವೆಲ್ಲ ದಾರಿಪಾಲು. ಅಕ್ಕನ ಹಟ ಗೊತ್ತಲ್ಲ? ನಮ್ಮ ಗಿಡಕ್ಕೆ ಆಗುವವರೆಗೆ ಮನೆಗೆ ನಿಂಬೆಹಣ್ಣು ತರುವಂತಿಲ್ಲ! ಅವಳ ಮನೆಯಲ್ಲಿ ನಾವು ಷರಬತ್ತು ಕುಡಿದದ್ದೇ ಇಲ್ಲ.

ಬೀದರದ ಬಾಡಿಗೆ ಮನೆ ಬಿಡುವಾಗ, ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ ಮನೆಯ ಒಡತಿ ಬಾಗಿಲಿಗೆ ಅಡ್ಡ ನಿಂತರು. ತಮ್ಮ ಅಂಗಳದ ಮಣ್ಣು ಹೊತ್ತೊಯ್ಯುವುದು ಯಾವ ನ್ಯಾಯ ಎಂದು ಅವರ ಪ್ರಶ್ನೆ. ಅಕ್ಕ ಒಂದು ಕೈಯಲ್ಲಿ ಬೀದರದ ಕೆಂಪು ಮಣ್ಣು, ಇನ್ನೊಂದರಲ್ಲಿ ತನ್ನ ಕಪ್ಪು ಮಣ್ಣು ಹಿಡಿದು ಸಾಕ್ಷಿ ತೋರಿಸಿದಳು. ಖಾಲಾ ನಕ್ಕು, ಹಾಗಾದರೆ ನನ್ನ ಮಲ್ಲಿಗೆಗೊಂದು ಚೀಲ ಬಿಟ್ಟು ಹೋಗು ಎಂದರು. ಅಕ್ಕ ಬಿಟ್ಟಳು. ಆ ಚೀಲದ ಮಾತು ಬಂದರೆ ಇವತ್ತಿಗೂ ನಿಟ್ಟುಸಿರು ಬಿಡುತ್ತಾಳೆ.

ಖಾಲಾರ ಮನೆ ಬಿಟ್ಟು ಅವರು ಹೋದದ್ದು ಸ್ವಂತ ಮನೆಗೆ. ಮನ್ನಳ್ಳಿ ರಸ್ತೆಯ ಕಡೆ ಭಾವ ಸಣ್ಣದೊಂದು ಮನೆ ಕಟ್ಟಿಸಿದ್ದರು, ಹಿಂದೆ ಇಪ್ಪತ್ತು ಹೆಜ್ಜೆ ಹಿತ್ತಲು. ಕಲ್ಲಿಲ್ಲ, ಸಿಮೆಂಟಿಲ್ಲ, ಬರೀ ಮಣ್ಣು. ಇನ್ನು ಅಕ್ಕನನ್ನು ಹಿಡಿಯುವವರು ಯಾರು ಎಂದುಕೊಂಡು ಎಂಟು ತಿಂಗಳ ನಂತರ ಹೋಗಿ ನೋಡುತ್ತೇನೆ, ಹಿತ್ತಲು ಖಾಲಿ! ಬಕೆಟ್ಟು, ಡಬ್ಬಿ, ನೀಲಿ ಡ್ರಮ್ಮು ಎಲ್ಲ ಗೋಡೆಗುಂಟ ಸಾಲಾಗಿ ನಿಂತಿದ್ದವು, ಟೆಂಪೋ ಬರುತ್ತದೆ ಎಂಬಂತೆ. ಮಣ್ಣು ತಂದ ಚೀಲಗಳನ್ನು ತೊಳೆದು ಮಡಿಸಿ ಮೇಲೆ ಇಟ್ಟಿದ್ದಳು.

"ಸ್ವಂತ ಮನಿ ಆದ ಮ್ಯಾಲೂ ಬಕೆಟ್ಟಿನ್ಯಾಗ ಯಾಕ ಬೆಳಿತಿ? ಇಲ್ಲಿಂದ ನಿನ್ನ ಯಾರು ಎಬ್ಬಸ್ತಾರ?" ಎಂದು ನಾನು ನಕ್ಕೆ.

ಅಕ್ಕ ನಗಲಿಲ್ಲ. "ನಾಕು ಮನಿ ಆದವು. ಪ್ರತಿ ಸಲಾನೂ ಇನ್ನ ಇಲ್ಲೇ ಅಂತ ಅನಕೊಂಡಿದ್ದೆ. ಒಮ್ಮೆ ನೆಲದಾಗ ಹಚ್ಚಿ ನೋಡೀನಿ. ಕೀಳೂ ಮುಂದ ಬೇರು ಹರೀತಾವ. ಕೈಗೆ ಸಪ್ಪಳ ಗೊತ್ತಾಗ್ತದ" ಎಂದಳು.

ಇಷ್ಟು ವರ್ಷ ಆ ಹದಿನೆಂಟು ಚೀಲಗಳನ್ನು ನೋಡಿ ನಗುತ್ತಿದ್ದೆನಲ್ಲ, ನನಗೆ ನಾಚಿಕೆಯಾಯಿತು. ಬಾಗಿಲಲ್ಲಿ ನಿಂತಿದ್ದ ಭಾವನೂ ಕೇಳಿಸಿಕೊಂಡರು. ಈ ಸಲ ಅವರು ಆಕಾಶ ನೋಡಲಿಲ್ಲ. ಒಳಗೆ ಹೋಗಿ ಗುದ್ದಲಿ ತಂದರು. ಜನ್ಮದಲ್ಲಿ ಮಣ್ಣು ಮುಟ್ಟದ ಮನುಷ್ಯ ಹಿತ್ತಲ ನಡುವೆ ಗುಂಡಿ ತೋಡತೊಡಗಿದರು. ಏದುಸಿರು ಬಿಡುತ್ತ, "ನನ್ನ ವರ್ಗದ ಸಲುವಾಗಿ ಈ ನಿಂಬಿ ಒಂದು ಕಾಯಿ ಬಿಡಲಿಲ್ಲ. ಇನ್ನ ನಾ ಎಲ್ಲಿಗೂ ಕರಕೊಂಡು ಹೋಗಂಗಿಲ್ಲ" ಎಂದರು.

ಡ್ರಮ್ಮನ್ನು ಕೊಯ್ದು ತೆಗೆದಾಗ ಬೇರುಗಳು ಅದರ ಆಕಾರಕ್ಕೇ ಗುಂಡಗೆ ಸುತ್ತಿಕೊಂಡಿದ್ದವು. ಚಿಕ್ಕಂದಿನಲ್ಲಿ ನನ್ನ ತಲೆಯ ಸಿಕ್ಕು ಬಿಡಿಸುತ್ತಿದ್ದ ಅದೇ ಬೆರಳುಗಳಿಂದ ಅಕ್ಕ ಒಂದೊಂದಾಗಿ ಬಿಡಿಸಿದಳು. ಗಿಡವನ್ನು ಗುಂಡಿಗಿಳಿಸಿ, "ಕಾಲು ಚಾಚಕೊ ಇನ್ನ" ಎಂದು ಅದಕ್ಕೆ ಹೇಳಿದಳು. ಆಮೇಲೆ ಮಡಿಸಿಟ್ಟಿದ್ದ ಚೀಲಗಳನ್ನೆಲ್ಲ ತಂದು, ತೇವ ಆರದಿರಲೆಂದು ಬುಡದ ಸುತ್ತ ಹಾಸಿದಳು.

"ಚೀಲಾ ಎಲ್ಲಾ ಹಾಸಿಬಿಟ್ಟಿ. ಮುಂದ ಮಣ್ಣು ಕಟ್ಟಬೇಕಾದ್ರ?" ಎಂದೆ.

"ಏನ ಕಟ್ಟೋದದ? ಬಾ, ಕೈ ತೊಳ್ಕೊ ಇಲ್ಲಿ" ಎಂದು ತಂಬಿಗೆ ಎತ್ತಿದಳು.

ನಾನು ಬಗ್ಗಿ ಕೈಚಾಚಿದೆ. ಒಂದು ಹನಿಯೂ ಬುಡ ಬಿಟ್ಟು ಆಚೆ ಬೀಳದಂತೆ ಕೈ ತೊಳೆದುಕೊಂಡೆ. ಅಕ್ಕ ಗಿಡವನ್ನೇ ನೋಡುತ್ತಿದ್ದಳು. ನಾನು ಮುಖವನ್ನೂ ತೊಳೆದುಕೊಂಡೆ.