ಬೈಯಲಿಕ್ಕೆ ಪರವಾನಿಗೆ

ಜನ ಬೈಯುವುದನ್ನು ಸರ್ಕಾರಿ ಪಗಾರ ತಗೊಂಡು ಕೇಳಿದವನು ನಾನು. ಅಂಥ ನೌಕರಿಯಲ್ಲಿ ನಗೆಯ ಪ್ರಸಂಗಗಳು ಕರೆಯದೆಯೇ ಬಂದು ಎದುರಿಗೆ ಕೂತುಬಿಡುತ್ತವೆ.

ಸಂಸ್ಥಾನ ಹೋಗಿ ಮುಂಬೈ ಸರ್ಕಾರ ಬಂದ ಮೇಲೆ ನಾನು ಜತ್ತ ಠಾಣೆಯಲ್ಲಿ ಪೊಲೀಸನಾಗಿದ್ದೆ. ಕನ್ನಡ, ಮರಾಠಿ ಎರಡೂ ಬರೆಯಲು ಬರುತ್ತಿದ್ದುದರಿಂದ ಒಂದು ಹೊಸ ಕೆಲಸ ನನ್ನ ಕೊರಳಿಗೆ ಬಿತ್ತು. ಭಾಷಣವಿರಲಿ, ಹಾಡಿರಲಿ, ಹೋಗಿ ಕೂಡಬೇಕು. ಜಾತಿ, ಧರ್ಮ, ಭಾಷೆಗಳ ನಡುವೆ ಬೆಂಕಿ ಹಚ್ಚುವ ಮಾತು ಬಂದರೆ ಬರೆದುಕೊಳ್ಳಬೇಕು. ನಮ್ಮ ಫೌಜದಾರ ಸಾಹೇಬರು ಪುಣೆ ಕಡೆಯವರು. ಕನ್ನಡ ಒಂದಕ್ಷರ ಬಾರದು. ಮನುಷ್ಯ ಒಳ್ಳೆಯವರು, ಆದರೆ ಮಾತು ಅಂದರೆ ಹೆದರುತ್ತಿದ್ದರು. ಬರೀ ಮಾತಿನಿಂದ ಶುರುವಾದ ಗಲಭೆಯಲ್ಲಿ ತಮ್ಮ ಊರಿನ ಮನೆಗಳು ಉರಿದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಆ ಹೆದರಿಕೆಯನ್ನು ನಾನು ಇವತ್ತಿಗೂ ಹಗುರವಾಗಿ ಕಾಣುವುದಿಲ್ಲ.

ಆದರೆ ನಮ್ಮ ಪೇಟೆಯ ಕಥೆಯೇ ಬೇರೆ. ಅಲ್ಲಿ ಕಿರಾಣಿ ಅಂಗಡಿಯ ಸಾವಕಾರರು, ಹಣೆ ತುಂಬ ವಿಭೂತಿಯವರು. ಅವರ ಎದುರು ಅಂಗಡಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರ ಕಾಕಾ, ಎದೆಯ ತನಕ ಗಡ್ಡದವನು. ಇಬ್ಬರೂ ಹರದೇಶಿ-ನಾಗೇಶಿ ಹಾಡುವವರು. ಗಂಡು ಹೆಚ್ಚೆಂದು ಒಬ್ಬ, ಹೆಣ್ಣು ಹೆಚ್ಚೆಂದು ಒಬ್ಬ, ಸವಾಲು-ಜವಾಬು ಹಾಡುತ್ತ ಎದುರಿನವನ ಮಾನ ಹರಾಜು ಹಾಕುವ ಆಟ ಅದು. ಮನೆಯಲ್ಲಿ ಹೆಂಡತಿಯ ಮುಂದೆ ಉಸಿರೆತ್ತದ ಸಾವಕಾರರು ಹೊರಗೆ ಬಂದು ಗಂಡು ಹೆಚ್ಚೆಂದು ಹಾಡುತ್ತಿದ್ದರು. ಕಾಕಾ ದಪ್ಪು ಬಾರಿಸುತ್ತ ಶುರು ಮಾಡುತ್ತಿದ್ದ:

“ಹಣಿ ತುಂಬ ವಿಭೂತಿ, ಬೆಲ್ಲದಾಗ ಮಣ್ಣ,
ತಕ್ಕಡಿ ಹಿಡದಾಗ ಮುಚ್ಕೋತಾನ ಕಣ್ಣ!”

ಸಾವಕಾರರು ಬಿಡುವವರೇ?

“ಗಡ್ಡ ಎಲ್ಲಾ ಹಿಂಜಿದ್ರ ತುಂಬೂದಿಲ್ಲ ದಿಂಬ,
ಬಾಯಿ ತಗದ್ರ ಹತ್ತಿ ಹಾರ್ತದ ಊರ ತುಂಬ!”

ಮರುದಿನ ಬೆಳಿಗ್ಗೆ ನೋಡಿದರೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಆ ಹಾಡು ಇನ್ನೊಮ್ಮೆ ಕೇಳಬೇಕೆಂದು ನನ್ನ ಜೀವ ಈಗಲೂ ಬಡಕೊಳ್ಳುತ್ತದೆ. ಕಾನೂನಿನ ಕಣ್ಣಿಗೆ ಮಾತ್ರ ಅದು ವಿಭೂತಿಯ ಮೇಲೊಂದು ಅಪರಾಧ, ಗಡ್ಡದ ಮೇಲೊಂದು ಅಪರಾಧ.

೧. ದಯವಿಟ್ಟು

ಒಂದು ಸಂತೆಯ ದಿನ ಹೊರಗಿನಿಂದ ಒಬ್ಬ ಭಾಷಣಕಾರ ಬಂದ. ಇಸ್ತ್ರಿಯ ಅಂಗಿ, ಸಕ್ಕರೆಯಂಥ ಮಾತು. “ಬಂಧುಗಳೇ, ಈ ಪೇಟೆಯಲ್ಲಿ ಬೇರೆ ಧರ್ಮದ ನಮ್ಮ ಅಣ್ಣತಮ್ಮಂದಿರಿದ್ದಾರೆ. ಬಹಳ ಸಜ್ಜನರು. ದಯವಿಟ್ಟು ಅವರ ಅಂಗಡಿಗೆ ಹೋಗಿ ತೊಂದರೆ ಕೊಡಬೇಡಿ. ಅವರು ತಮ್ಮವರು ಇರುವಲ್ಲಿಗೆ ಹೋಗಿ ಸುಖವಾಗಿರಲಿ” ಎಂದ. ನನ್ನ ಮೈ ಉರಿಯಿತು. ಆದರೂ ಬರೆದುಕೊಂಡೆ.

ಅಷ್ಟರಲ್ಲಿ ಬಾಲಗಾಂವದ ರೈತನೊಬ್ಬ ಗುಂಪಿನ ನಡುವಿನಿಂದ ಕೂಗಿದ: “ಏ ಮೂಳಾ, ಇಳಿ ಕೆಳಗ! ನಿನ್ನ ನಾಲಿಗಿಗೆ ಹುಳಾ ಬೀಳಲಿ!”

ಆದರೆ ಠಾಣೆಗೆ ಹಿಡಿದು ತಂದದ್ದು ರೈತನನ್ನು. ಸಾಹೇಬರು ನಾನು ಮರಾಠಿಯಲ್ಲಿ ಬರೆದದ್ದನ್ನು ತಿರುಗಿಸಿ ತಿರುಗಿಸಿ ಓದಿದರು. ಭಾಷಣದಲ್ಲಿ ಹಿಡಿಯಲು ಒಂದೂ ಕೆಟ್ಟ ಶಬ್ದವಿಲ್ಲ, ಎಲ್ಲ ಬಂಧುಗಳೇ, ಎಲ್ಲ ದಯವಿಟ್ಟು. ರೈತನ ಬಾಯಲ್ಲಿ ಒಳ್ಳೆಯ ಶಬ್ದ ಒಂದೂ ಇಲ್ಲ. “ಹೇಳುವುದನ್ನು ಸಭ್ಯವಾಗಿ ಹೇಳಬೇಕಿತ್ತು ಅಂತ ಇವನಿಗೆ ತಿಳಿಸು” ಎಂದರು ಮರಾಠಿಯಲ್ಲಿ. ನಾನು ತಿಳಿಸಿದೆ.

ರೈತ ತಲೆ ಕೆರೆದುಕೊಂಡು ಯೋಚಿಸಿದ. “ಹಂಗಾರ ಹಿಂಗ ಬರಕೋರಿ: ಬಂಧುಗಳ, ದಯವಿಟ್ಟು ಕೆಳಗ ಇಳೀರಿ. ಇಲ್ಲಾಂದ್ರ ನಾ ದಯವಿಟ್ಟು ಮ್ಯಾಲ ಬಂದು, ದಯವಿಟ್ಟು ಕಾಲು ಹಿಡದು ಎಳೀತೀನಿ.”

ನಾನು ಅದನ್ನು ಮರಾಠಿಯಲ್ಲಿ ಹೇಳಿದಾಗ ಸಾಹೇಬರು ನಕ್ಕು ಅವನನ್ನು ಬಿಟ್ಟರು. ಮರುದಿನ ಸಾವಕಾರರು ತಮ್ಮ ಮನೆಯ ಗಾದಿಗಳನ್ನೆಲ್ಲ ಹೊತ್ತು ತಂದು ಕಾಕಾನ ಅಂಗಡಿಯ ಮುಂದೆ ಒಗೆದು, ಇಡೀ ಪೇಟೆಗೆ ಕೇಳುವಂತೆ “ಲೇ ಗಡ್ಡ್ಯಾ, ಇವನ್ನೆಲ್ಲಾ ಹೊಸದಾಗಿ ಹಿಂಜು! ನೀ ಹೊಲದ ಗಾದಿ ಮ್ಯಾಲ ತಿಗಣಿ ಸೈತ ಮಲಗಂಗಿಲ್ಲ!” ಎಂದು ಬೈದರು. ಸಂಜೆಯೊಳಗೆ ಅರ್ಧ ಊರಿನ ಗಾದಿಗಳು ಅಲ್ಲಿ ಬಂದು ಬಿದ್ದಿದ್ದವು.

೨. ಸದ್ದಿಲ್ಲದ ಹೋಳಿ

ಹೋಳಿಯ ದಿನ ಬೆಂಕಿಯ ಸುತ್ತ ನಿಂತು, ಯಾರದಾದರೂ ಹೆಸರೆತ್ತಿ ಬೈದು, ಬಾಯಿಗೆ ಅಂಗೈ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ಕೊಳ್ಳುವುದು ಪದ್ಧತಿ. ಆ ವರ್ಷ ಸಾಹೇಬರು ಹಳ್ಳಿಹಳ್ಳಿಗೆ ಹುಕುಮ್ ಕಳಿಸಿದರು: ಹೆಸರೆತ್ತಿ ಬೈಯಬಾರದು, ಬೊಬ್ಬೆ ಹಾಕಬಾರದು.

ನೋಡಲು ನನ್ನನ್ನೂ ಕರೆದುಕೊಂಡು ಕರಜಗಿಗೆ ಹೋದರು. ಬೆಂಕಿ ಉರಿಯುತ್ತಿತ್ತು. ಊರಿಗೆ ಊರೇ ಸುತ್ತ ನಿಂತಿತ್ತು. ಎಲ್ಲರೂ ಬಾಯಿಗೆ ಅಂಗೈ ಬಡಿದುಕೊಳ್ಳುತ್ತಿದ್ದರು, ಆದರೆ ಬಾಯಿಂದ ಸದ್ದಿಲ್ಲ. ಪಟ್ ಪಟ್ ಪಟ್ ಎಂಬ ಕೈಯ ಸಪ್ಪಳ ಅಷ್ಟೇ. ಹಲ್ಲಿಲ್ಲದ ಅಜ್ಜಿಯರೂ ಗಂಭೀರವಾಗಿ ಬಡಿದುಕೊಳ್ಳುತ್ತಿದ್ದರು. ಊರ ಗೌಡರು ಮುಂದೆ ಬಂದು ಕೈ ಮುಗಿದರು. “ಹುಕುಮ್ ಬಾಯಿಗೆ ಅದರಿ ಸಾಹೇಬ್ರ, ಕೈಗೆ ಇಲ್ಲಲ್ರಿ?”

ನಾನು ಮರಾಠಿಯಲ್ಲಿ ತಿಳಿಸಿದೆ. ಸಾಹೇಬರು ಬೆಂಕಿಯ ಹತ್ತಿರ ಸರಿದರು. ಅವರ ಊರಿನಲ್ಲೂ ಇದೇ ಪದ್ಧತಿ ಇತ್ತೆಂದು ನನಗೆ ಗೊತ್ತಿತ್ತು. ಉರಿ ಮೇಲೇರಿದಂತೆ ಅವರ ಮುಖ ಸಣ್ಣ ಹುಡುಗನ ಮುಖವಾಗುತ್ತ ಬಂತು. ಕಡೆಗೆ ತಡೆಯಲಾರದೆ, ತಾವು ಕಲಿತ ಸಾಲಿಯ ಗಣಿತದ ಮಾಸ್ತರರನ್ನು ಮರಾಠಿಯಲ್ಲಿ ಬೈದು, ಆಕಾಶ ಹರಿಯುವಂತೆ ಬೊಬ್ಬೆ ಹೊಡೆದರು. ಕಣ್ಣಲ್ಲಿ ನೀರಿತ್ತು. ಹೊಗೆಯಿಂದ ಎಂದರು.

ಗೌಡರು ನನ್ನ ಕಡೆ ತಿರುಗಿದರು. “ಬರಕೋರಿ ಪೊಲೀಸಪ್ಪಾ, ಮೊದಲನೇ ಆರೋಪಿ ಯಾರಂತ!”

೩. ಹೊಗಳಿಕೆಯ ಗಲಾಟೆ

ಮುಂದಿನ ಸುಗ್ಗಿಗೆ ಸಾವಕಾರರು, ಕಾಕಾ ಇಬ್ಬರೂ ಹಾಡಿಕೆಗೆ ಪರವಾನಿಗೆ ಕೇಳಲು ಬಂದರು. ಸಾಹೇಬರು ಕೊಟ್ಟರು, ಶರತ್ತು ಹಾಕಿ ಕೊಟ್ಟರು. ಒಬ್ಬರ ಧರ್ಮ, ವೇಷ, ದಂಧೆ, ಮನೆ, ಯಾವುದನ್ನೂ ಇನ್ನೊಬ್ಬರು ಹೀಯಾಳಿಸಕೂಡದು.

“ಮತ್ತ ಏನು ಹಾಡೂದು?” ಎಂದ ಕಾಕಾ ಹೊರಗೆ ಬಂದು.

“ಇದ್ದದ್ದು ಹಾಡೋಣು. ನೀ ಚಲೋ ಮನಷ್ಯಾ ಅಂತ” ಎಂದರು ಸಾವಕಾರರು. ಇಬ್ಬರ ಮುಖವೂ ಸಪ್ಪಗಾಯಿತು.

ಪೇಟೆಯ ಕಟ್ಟೆಯ ಮುಂದೆ ಜನ ಕಿಕ್ಕಿರಿದು ಕೂತಿದ್ದರು, ಒಂದು ಬದಿಗೆ ಸಾಹೇಬರೂ ನಾನೂ. ಕಾಕಾ ಎದ್ದು, ಸಾವಕಾರರು ಸಭ್ಯರು, ತೂಕದಲ್ಲಿ ಚೊಕ್ಕ ಎಂದು ಹಾಡಿದ. ಸಾವಕಾರರು ಎದ್ದು, ಕಾಕಾ ಸಜ್ಜನ, ಹೊಲಿಗೆ ಗಟ್ಟಿ ಎಂದು ಹಾಡಿದರು. ಮೊದಮೊದಲು ಜನ ಚೇಷ್ಟೆಯೆಂದು ನಕ್ಕರು. ಆಮೇಲೆ ನಗು ನಿಂತಿತು.

“ಅಯ್ಯ ಶಿವನ, ಏನಾತವ್ವ ಇವರಿಗೆ? ಯಾರು ತಂದಿಟ್ರು ಇಬ್ಬರ ನಡುವ?” ಎಂದು ಅಜ್ಜಿಯೊಬ್ಬಳು ಸೆರಗು ಬಾಯಿಗೆ ಹಚ್ಚಿದಳು. ಸಾವಕಾರರದೇ ತಪ್ಪು ಇರಬೇಕು ಎಂದರು ಕೆಲವರು. ಕಾಕಾನೇ ಏನೋ ಅಂದಿರಬೇಕು ಎಂದರು ಕೆಲವರು. ದನಿ ಏರಿತು. ನಾನು ನೋಡನೋಡುತ್ತಿದ್ದಂತೆ ವಿಭೂತಿಯವರು ಒಂದು ಕಡೆ, ಗಡ್ಡದವರು ಒಂದು ಕಡೆ ಸರಿದರು. ಅಂಥದ್ದನ್ನು ನಮ್ಮ ಪೇಟೆಯಲ್ಲಿ ನಾನು ಎಂದೂ ಕಂಡಿರಲಿಲ್ಲ.

ಸಾಹೇಬರ ಮುಖ ಬಿಳಿಚಿತು. “ಏನು ಹಾಡುತ್ತಿದ್ದಾರೆ ಇವರು?”

“ಒಬ್ಬರನ್ನೊಬ್ಬರು ಹೊಗಳುತ್ತಿದ್ದಾರೆ, ಸಾಹೇಬರೇ.”

“ಮತ್ತೆ ಜನ ಯಾಕೆ ಹೀಗೆ?”

“ಅದಕ್ಕೇ.”

ಸಾಹೇಬರು ಒಂದೇ ನೆಗೆತಕ್ಕೆ ಕಟ್ಟೆ ಹತ್ತಿದರು. “ಬೈಯಿರಿ! ಮೊದಲಿನ ಹಾಗೇ ಬೈಯಿರಿ! ಇದು ಸರ್ಕಾರಿ ಹುಕುಮ್!” ಎಂದು ಮರಾಠಿಯಲ್ಲಿ ಕಿರುಚಿದರು.

ಸಾವಕಾರರು ವಿನಯದಿಂದ ಕೈ ಮುಗಿದರು. “ಸರ್ಕಾರದ ಮಾತು ಮೀರಾಕ ಬರ್ತದೇನ್ರಿ?” ಎಂದವರೇ ಕಾಕಾನ ಗಡ್ಡದಿಂದ ಶುರು ಮಾಡಿದರು. ಕಾಕಾ ವಿಭೂತಿಯಿಂದ ಉತ್ತರ ಕೊಟ್ಟ. ಜನ ಹೋ ಎಂದು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸರಿದವರೆಲ್ಲ ಯಾವಾಗ ಕಲೆತರೋ ತಿಳಿಯಲಿಲ್ಲ.

ನಾನು ಅಭ್ಯಾಸದ ಮೇಲೆ ಪೆನ್ಸಿಲ್ ತೆಗೆದೆ. ಸಾಹೇಬರು ಕಸಿದುಕೊಂಡರು. “ಬರೆದರೆ ಮೊದಲು ನನ್ನನ್ನೇ ಒಳಗೆ ಹಾಕುತ್ತಾರೆ!”

೪. ಗಡಿಯಾಚೆ

ಈಗ ನಾನಿರುವ ಓಣಿಯಲ್ಲಿ ಎಲ್ಲರೂ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ. ಯಾರೂ ಬೈಯುವುದಿಲ್ಲ. ಬೈಯುವಷ್ಟು ಹತ್ತಿರ ಯಾರೂ ಉಳಿದಿಲ್ಲ. ಹಾಗೆನಿಸಿದಾಗಲೆಲ್ಲ ಆ ಬಸ್ ಸ್ಟ್ಯಾಂಡು ನೆನಪಾಗುತ್ತದೆ.

ಪ್ರಾಂತ ವಿಂಗಡಣೆಯ ಗದ್ದಲದ ಕಾಲ. ವಿಜಾಪುರ ಮೈಸೂರಿನ ಪಾಲಿಗೆ ಹೋಯಿತು, ಜತ್ತ ಮುಂಬೈಗೇ ಉಳಿಯಿತು. ಮೇಲಿನಿಂದಲೇ ಹುಕುಮ್ ಬಂತು: ನಾಲ್ಕು ಜನ ಸೇರುವಲ್ಲಿ ಭಾಷಣವಿಲ್ಲ, ಹಾಡಿಲ್ಲ, ಕೂಗಾಟವಿಲ್ಲ. ಈ ಸಲ ಸಾಹೇಬರ ಕೈಯಲ್ಲೂ ಏನಿರಲಿಲ್ಲ. ದಪ್ಪು ಗೂಟಕ್ಕೆ ಬಿತ್ತು. ಅದೇ ವೇಳೆಗೆ ವಿಜಾಪುರದಲ್ಲಿದ್ದ ಕಾಕಾನ ಮಗಳ ಗಂಡ ತೀರಿಕೊಂಡ. ಅವಳ ಸಂಸಾರಕ್ಕೆ ಆಸರೆಯಾಗಲು ಕಾಕಾ ಅಂಗಡಿ ಮುಚ್ಚಿ ಹೊರಟ.

ಕಳಿಸಲು ಇಡೀ ಪೇಟೆ ಬಸ್ ಸ್ಟ್ಯಾಂಡಿಗೆ ಬಂದಿತ್ತು. ಜನ ಸೇರಿದ್ದಾರೆಂದು ಬಂದೋಬಸ್ತಿಗೆ ಸಾಹೇಬರೂ ನಾನೂ ಹೋದೆವು. ಕಾಕಾ ಹತ್ತಿ ಹಿಂಜುವ ಬಿಲ್ಲನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಿದ್ದ. ಕೆಳಗೆ ಸಾವಕಾರರು ನಮ್ಮಿಬ್ಬರ ಸಮವಸ್ತ್ರವನ್ನೊಮ್ಮೆ ನೋಡಿದರು.

“ಆರಾಮ ಹೋಗಿ ಬರ್ರಿ” ಎಂದರು.

“ಹೂನ್ರಿ. ನೀವೂ ಆರಾಮ ಇರ್ರಿ” ಎಂದ ಕಾಕಾ.

ಜನ್ಮವಿಡೀ ಲೇ ಎಂದು ಕರೆದುಕೊಂಡವರು! ಕೇಳಿ ನನಗೆ ಈ ಖಾಕಿಯನ್ನು ಕಿತ್ತು ಒಗೆಯಬೇಕೆನಿಸಿತು. ಕಂಡಕ್ಟರ್ ಗಂಟೆ ಹೊಡೆದ. ಬಸ್ಸು ಹೊರಟಿತು. ಆಗ ಕಾಕಾ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಇದ್ದಬದ್ದ ಗಂಟಲೆಲ್ಲ ತೆಗೆದು ಹಾಡಿದ:

“ಹೊಂಟೀನಿ ಗಡಿ ದಾಟಿ, ಉಳಿ ನೀ ಬೆಲ್ಲದ ಹುಳಾ,
ಇನ್ನ ನಿನ್ನ ಬಯ್ಯಾಕ ಯಾರದಾರೋ ಮೂಳಾ?”

ಸವಾಲಿಗೆ ಜವಾಬು ಕೊಡದಿದ್ದರೆ ಸೋತಂತೆ. ಸಾವಕಾರರು ಧೋತರದ ತುದಿ ಎತ್ತಿ ಹಿಡಿದು ಬಸ್ಸಿನ ಹಿಂದೆ ಓಡಿದರು. ಓಡುತ್ತಲೇ ಕಾಕಾನ ಗಡ್ಡ, ಬಿಲ್ಲು, ಗಾದಿ, ಅವನ ಮುತ್ಯಾ, ಮುತ್ಯಾನ ಮುತ್ಯಾ, ಒಬ್ಬರನ್ನೂ ಬಿಡದೆ ಬೈದರು. ಹುಕುಮ್ ಜಾರಿಯಿದ್ದ ಜಾಗದಲ್ಲಿ, ಫೌಜದಾರರ ಕಣ್ಣೆದುರಿಗೇ.

“ಏನನ್ನುತ್ತಿದ್ದಾರೆ?” ಎಂದರು ಸಾಹೇಬರು.

“ಹೋಗಬೇಡ ಅನ್ನುತ್ತಿದ್ದಾರೆ, ಸಾಹೇಬರೇ.”

“ಅಷ್ಟುದ್ದ?”

“ಅಷ್ಟೇ.”

ಸಾಹೇಬರು ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು. ಅಷ್ಟರಲ್ಲಿ ಡ್ರೈವರ್ ಮನಸ್ಸು ತಡೆಯದೆ ಬಸ್ಸು ನಿಲ್ಲಿಸಿದ. ಸಾವಕಾರರು ಏದುಸಿರು ಬಿಡುತ್ತ ಹತ್ತಿಯೇಬಿಟ್ಟರು. ಬಸ್ಸು ಮತ್ತೆ ಹೊರಟಾಗ ಕಾಕಾನ ಗಡ್ಡದ ಪಕ್ಕ ಅವರ ವಿಭೂತಿಯ ಹಣೆ ಕಿಟಕಿಯಿಂದ ಹೊರಗೆ ಬಂತು.

“ಸಾಹೇಬ್ರ, ಸಿಟ್ಟಾಗಬ್ಯಾಡ್ರಿ!” ಎಂದು ಕೂಗಿದರು. “ಗಡಿ ಆಚಿ ನಿಮ್ಮ ಹುಕುಮ್ ನಡಿಯಂಗಿಲ್ಲ! ಉಳದದ್ದು ಅಲ್ಲಿ ಹೋಗಿ ಬೈದು ಬರ್ತೀನಿ!”