ಡಾರ್ಕ್ ಮ್ಯಾಟರ್ ಹೆಣ್ಣಲ್ಲವೆಂದು ಪರಿಗಣಿಸುವ ಕುರಿತು

ಇಂದ:
ಕದಿರೇಶ್,
ದ್ರವ ಕ್ಸೆನಾನ್ ಪ್ರಯೋಗದ ಸಂಶೋಧಕ,
ಗೌನಿಪಲ್ಲಿ.

ಗೆ:
ಶ್ರೀ ಕೋದಂಡರಾಮಪ್ಪನವರು,
ಸುನಂದ ಅವರ ತಂದೆ ಹಾಗೂ ಮಾವಿನ ಬೆಳೆಗಾರರು,
ರಾಯಲ್ಪಾಡು.

ವಿಷಯ: ನಿಂತುಹೋದ ಮದುವೆ ಮಾತುಕತೆಯನ್ನು ಮುಂದುವರಿಸುವ ಬಗ್ಗೆ.

ಉಲ್ಲೇಖ: ಕಳೆದ ಭಾನುವಾರ ಹೆಣ್ಣು ನೋಡುವ ಶಾಸ್ತ್ರದಲ್ಲಿ ತಾವು ನೀಡಿದ ಮೌಖಿಕ ಆದೇಶ: "ಎದ್ದೋಗಯ್ಯ ಮೊದ್ಲು!"

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಿಳಿಯಪಡಿಸುವುದೇನೆಂದರೆ,

1. "ಏನ್ ಕೆಲ್ಸ ಮಾಡ್ತೀರಪ್ಪ?" ಎಂದು ತಾವು ಕೇಳಲಾಗಿ, ಅರ್ಜಿದಾರನು ಸತ್ಯವನ್ನೇ ನುಡಿದನು.

"ಡಾರ್ಕ್ ಮ್ಯಾಟರ್ ಹುಡುಕ್ತಾ ಇದೀನಿ, ಸಾರ್."

"ಎಷ್ಟು ವರ್ಷದಿಂದ?"

"ಎಂಟು. ಒಂದ್ಸಲಾನೂ ಸಿಕ್ಕಿಲ್ಲ. ಆದ್ರೂ ಬಿಡಲ್ಲ."

ಕೂಡಲೇ ತಮ್ಮ ಧರ್ಮಪತ್ನಿ ಭಾರತಮ್ಮನವರು ಅಡುಗೆಮನೆಯಿಂದ, "ಅಯ್ಯೋ ದೇವುಡಾ! ಹುಡುಗನಿಗೆ ಮ್ಯಾಟರ್ ಐತಂತೆ, ಎಂಟು ವರ್ಷದ್ದಂತೆ!" ಎಂದು ಕೂಗಿಕೊಂಡರು. ನಮ್ಮ ಕಡೆ ಹುಡುಗನಿಗೆ ಮ್ಯಾಟರ್ ಇದೆ ಎಂದರೆ ಹುಡುಗಿ ಇದ್ದಾಳೆ ಎಂದೇ ಅರ್ಥವಾದ ಕಾರಣ, ಮಾತುಕತೆ ಅಲ್ಲಿಗೆ ನಿಂತಿತು.

2. ಸದರಿ ಮ್ಯಾಟರ್ ಕಣ್ಣಿಗೆ ಕಾಣದ ಕಣ. ಅದು ಬಂದು ತಗುಲಲೆಂದು ತೊಟ್ಟಿಯಲ್ಲಿ ಕ್ಸೆನಾನ್ ಎಂಬ ಅನಿಲವನ್ನು ತಣಿಸಿ ದ್ರವ ಮಾಡಿ ತುಂಬಿ ಕಾಯಲಾಗುತ್ತದೆ. ಏನೇ ತಗುಲಿದರೂ ತಕ್ಷಣ ಒಂದು ಮಿಂಚು, ಕೊಂಚ ತಡೆದು ಇನ್ನೊಂದು. ಮೊದಲನೆಯದಕ್ಕಿಂತ ಎರಡನೆಯದು ವಿಪರೀತ ದೊಡ್ಡದಿದ್ದರೆ ಪೆಟ್ಟು ಬಿದ್ದದ್ದು ಎಲೆಕ್ಟ್ರಾನಿಗೆ. ಮಾವಿನ ಸಿಪ್ಪೆಗೆ ಬಿದ್ದಂತೆ, ಕಡೆಗಣಿಸಬಹುದು. ಎರಡನೆಯದು ಅಷ್ಟು ದೊಡ್ಡದಿಲ್ಲದಿದ್ದರೆ ಪೆಟ್ಟು ನ್ಯೂಕ್ಲಿಯಸ್ಸಿಗೆ, ಅಂದರೆ ಹಣ್ಣಿನೊಳಗಿನ ವಾಟೆಗೆ. ಎಂಟು ವರ್ಷದಿಂದ ಕಾಯುತ್ತಿರುವುದು ಇದಕ್ಕೇ.

3. ಅಂದು ತಾವು ಮೊದಲು ಬರೀ "ಹೂಂ" ಎಂದಿರಿ. ಆಮೇಲೆ ಕೂಗಿದ್ದು ಬಸ್ ಸ್ಟಾಪಿನವರೆಗೂ ಕೇಳಿತು. ಆದ ಕಾರಣ ತಮ್ಮ ಕೋಪ ಸಿಪ್ಪೆಯದೆಂದು ತೀರ್ಮಾನಿಸಲಾಗಿದೆ. ತಾವು ಬೇಜಾರು ಮಾಡಿಕೊಳ್ಳಬಾರದು.

4. ಸುನಂದ ಅವರಾದರೋ ಮೊದಲು ಗೊಳ್ಳೆಂದು ನಕ್ಕರು. ಆಮೇಲೆ ಗೇಟಿನ ಬಳಿ, "ನಿಧಾನವಾಗಿ ಹೋಗ್ಬನ್ನಿ" ಎಂದು ಅರ್ಜಿದಾರನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಅಂದರು. ಇದು ವಾಟೆಯ ಲಕ್ಷಣ. ಅಂದಿನಿಂದ ಅರ್ಜಿದಾರನಿಗೆ ಅನ್ನ ಸೇರುತ್ತಿಲ್ಲ. ಅವರನ್ನು ಬಿಟ್ಟು ಬೇರಾರೂ ಬೇಡವೆನಿಸಿದೆ. ಆದರೆ ಒಂದೇ ದಾಖಲೆಯಿಂದ ಏನನ್ನೂ ಘೋಷಿಸುವಂತಿಲ್ಲ.

ಆದ್ದರಿಂದ ಬರುವ ಭಾನುವಾರ ಮರುವೀಕ್ಷಣೆಗೆ ಅನುಮತಿ ನೀಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ (ಅಳಿಯ ಪದವಿ ಮಂಜೂರಾತಿ ಬಾಕಿ),
ಕದಿರೇಶ್

ಲಗತ್ತುಗಳು:
1. ಪ್ರಯೋಗದ ಮುಖ್ಯಸ್ಥೆ ಶ್ಯಾಮಲಮ್ಮನವರ ದೃಢೀಕರಣ: "ಸದರಿ ಮ್ಯಾಟರ್ ಹೆಣ್ಣಲ್ಲ. ಇದೆಯೋ ಇಲ್ಲವೋ ಎಂಬುದೂ ನಮಗೆ ಗೊತ್ತಿಲ್ಲ."
2. ತಾಯಿ ಮುನಿಯಲ್ಲಮ್ಮನವರು ಮಾಡಿದ ನಿಪ್ಪಟ್ಟು, ಒಂದು ಡಬ್ಬಿ (ಮೂಲ ಪ್ರತಿ).

ವಿ.ಸೂ.: ಈ ಅರ್ಜಿಯನ್ನು ಹರಿದು ಎಸೆಯುವ ಮುನ್ನ ಸುನಂದ ಅವರಿಗೆ ಒಮ್ಮೆ ಓದಲು ಕೊಡಬೇಕು. ಈ ಮದುವೆ ಇಷ್ಟವೇ ಎಂದು ಅವರನ್ನು ಇದುವರೆಗೆ ಯಾರೂ ಕೇಳಿಲ್ಲ, ಅರ್ಜಿದಾರನೂ ಸೇರಿದಂತೆ.